ದೇವಸಮುದ್ರದ ಎತ್ತದ ಕರೆಗಳು

1999ರ ಚಳಿಗಾಲದಲ್ಲಿ ನಾನು ಮೊಳಕಾಲ್ಮೂರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಕೆಲಸಕ್ಕೆ ಸೇರಿದೆ. ಡಿಪ್ಲೊಮಾ ಮುಗಿಸಿ, ಪರೀಕ್ಷೆ ಬರೆದು, ಮೂರು ತಿಂಗಳ ತರಬೇತಿ ಪಡೆದು ಬಂದಿದ್ದೆ. ತರಬೇತಿಯಲ್ಲಿ ಕಲಿಸಿದ್ದು ಒಂದೇ ಒಂದು ಯಂತ್ರದ ಪಾಠ. ಇಲ್ಲಿ ಬಂದು ನೋಡಿದರೆ ಮೂರು ಯಂತ್ರಗಳ ಸಂಸಾರ.

ಚಳ್ಳಕೆರೆಯಲ್ಲಿದ್ದದ್ದು ವಿದೇಶಿ ಯಂತ್ರ, ಆಳೆತ್ತರದ ಬೂದು ಬೀರುಗಳ ಸಾಲು. ನಮ್ಮ ಮೊಳಕಾಲ್ಮೂರಿನದು ಸ್ವದೇಶಿ. ದೇವಸಮುದ್ರದ್ದು ಇನ್ನೊಂದು ಕಾರ್ಖಾನೆಯ ಪುಟ್ಟ ಪೆಟ್ಟಿಗೆ, ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿ ಮಿಣುಗುತ್ತಿತ್ತು. ಮೂರರ ನಡುವೆ ಮಾತು ಸಾಗಿಸುವ ರೇಡಿಯೋ ಮತ್ತೂ ಒಂದು ಕಂಪನಿಯದು. ನಾಲ್ಕಕ್ಕೂ ನಾಲ್ಕು ಬಗೆಯ ಕೈಪಿಡಿ, ನಾಲ್ಕು ಬಗೆಯ ಗಂಟೆ, ನಾಲ್ಕು ಬಗೆಯ ಕೆಂಪು ದೀಪ. ಒಂದೇ ತೊಂದರೆಗೆ ಒಂದು ಯಂತ್ರ ಕಾಗದದ ಮೇಲೆ ಸಂಖ್ಯೆ ಹೊಡೆಯುತ್ತಿತ್ತು, ಒಂದು ಕಿವಿ ಕಿತ್ತುಹೋಗುವಂತೆ ಅರಚುತ್ತಿತ್ತು, ಒಂದು ಸುಮ್ಮನೆ ದೀಪ ಆರಿಸಿಕೊಂಡು ಕೂತುಬಿಡುತ್ತಿತ್ತು.

ನಮ್ಮ ಲೈನ್‌ಮನ್ ಪೆದ್ದಣ್ಣ ಅವಕ್ಕೆ ಹೆಸರಿಟ್ಟಿದ್ದ. ಅವನದು ಮೊಳಕಾಲ್ಮೂರಿನ ಸೀರೆ ನೇಯುವ ಮನೆ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಕಂಬದ ಮೇಲೆ ಹತ್ತಿದಾಗ ಎರಡೂ. ಚಳ್ಳಕೆರೆಯ ಯಂತ್ರ ಅವನ ಬಾಯಲ್ಲಿ ಅತ್ತ, ಅಂದರೆ ಅತ್ತೆ; ನಮ್ಮದು ಕೋಡಲು, ಸೊಸೆ; ದೇವಸಮುದ್ರದ್ದು ಪಿಲ್ಲ, ಕೂಸು.

"ಅತ್ತ ಅಂದಿದ್ದು ಕೋಡಲಿಗೆ ತಿಳಿಯಲ್ಲ, ಕೋಡಲು ಅಂದಿದ್ದು ಪಿಲ್ಲಗೆ ತಿಳಿಯಲ್ಲ. ದಿನಾ ನಡುಮಧ್ಯೆ ಪಂಚಾಯ್ತಿ ಮಾಡಾಕೇ ನಮಗೆ ಸಂಬಳ ಕೊಡೋದು, ಅಮ್ಮಾಯಿ," ಎಂದು ಮೊದಲ ದಿನವೇ ನನಗೆ ಕೆಲಸ ವಿವರಿಸಿದ.

ನನಗೆ ಅದು ತಕ್ಷಣ ಅರ್ಥವಾಯಿತು. ನನ್ನಿವಾಳದಲ್ಲಿ ನನ್ನನ್ನು ಸಾಕಿದವಳು ಅಜ್ಜಿ ಕೆಂಚಕ್ಕ. ಕಣ ಕಾಯುವಾಗ ಒಂದು ಕಥೆ, ಕಂಬಳಿಗೆ ನೂಲು ತೆಗೆಯುವಾಗ ಒಂದು ಕಥೆ, ಜ್ವರ ಬಂದರೆ ಉದ್ದದ್ದೊಂದು. ಹಾಗೆ ಬೆಳೆದವಳಿಗೆ ದೀಪ ಮಿಟುಕಿಸುವ ಬೀರು ಕಂಡರೆ ಯಂತ್ರಕ್ಕಿಂತ ಮೊದಲು ಕಥೆಯೇ ಕಾಣುತ್ತದೆ. ಊಟದ ಹೊತ್ತಿನಲ್ಲಿ ಎಲ್ಲರೂ ಹೊರಟ ಮೇಲೆ ನಾನು ಕೋಡಲಿನ ಎದುರು ಸ್ಟೂಲು ಹಾಕಿಕೊಂಡು, ಈಗ ಒಳಗೆ ಹಾದದ್ದು ಯಾರ ಮಾತಿರಬಹುದು, ಯಾವ ಮದುವೆ, ಯಾವ ಮುನಿಸು ಎಂದು ಊಹಿಸುತ್ತ ಕೂರುತ್ತಿದ್ದೆ. ರೊಟ್ಟಿ ತಣ್ಣಗಾಗುತ್ತಿತ್ತು.

ಈ ಸಂಸಾರಕ್ಕೆ ಹಿರಿಯರೆಂದರೆ ಚಳ್ಳಕೆರೆಯ ಎಂಜಿನಿಯರ್ ಈರೇಶ್ ಸರ್. ಒಂದು ದಿನ ನನ್ನನ್ನು ಕರೆಸಿ, "ಪದ್ಮಶ್ರೀ, ಮೇಲಿನೋರಿಗೆ ಮೂರು ಯಂತ್ರದ ಮೂರು ಥರದ ಕಾಗದ ಓದೋ ತಾಳ್ಮೆ ಇಲ್ಲಮ್ಮ. ಎಲ್ಲಾ ಸೇರಿಸಿ ವಾರಕ್ಕೊಂದು ಹಾಳೆ ಮಾಡಿಕೊಡ್ತೀಯಾ? ಎಷ್ಟು ಕರೆ ಬಂತು, ಎಷ್ಟು ಕೂಡ್ತು, ಎಷ್ಟು ಕೆಟ್ಟೋಯ್ತು. ಅಷ್ಟು ಸಾಕು," ಎಂದರು.

ಅದನ್ನು ನಾನು ಎಷ್ಟು ಪ್ರೀತಿಯಿಂದ ಮಾಡಿದೆನೆಂದರೆ ಈಗ ನೆನೆದರೆ ನಾಚಿಕೆಯಾಗುತ್ತದೆ. ದೊಡ್ಡ ಹಾಳೆ, ಸ್ಕೇಲು, ಮೂರು ಬಣ್ಣದ ಸ್ಕೆಚ್ ಪೆನ್ನು. ಚಳ್ಳಕೆರೆಗೆ ನೀಲಿ, ನಮಗೆ ಹಸಿರು, ದೇವಸಮುದ್ರಕ್ಕೆ ಕೆಂಪು. ಒಂದೇ ಒಂದು ತೊಡಕಿತ್ತು. ಚಳ್ಳಕೆರೆಯ ಯಂತ್ರ ಮಾತು ಕೂಡದ ಕರೆಗಳನ್ನೆಲ್ಲ ಒಂದೇ ಗುಡ್ಡೆ ಹಾಕುತ್ತಿತ್ತು. ದೇವಸಮುದ್ರದ ಪುಟ್ಟ ಯಂತ್ರ ಮಾತ್ರ ಅದನ್ನು ಎರಡು ಸಾಲು ಮಾಡಿ ಬರೆಯುತ್ತಿತ್ತು: ದಾರಿಯಲ್ಲೇ ಬಿದ್ದುಹೋದವು, ರಿಂಗಾದರೂ ಯಾರೂ ಎತ್ತದವು. ನನ್ನ ಹಾಳೆಯಲ್ಲಿ ಅದಕ್ಕೆ ಒಂದೇ ಮನೆ ಇತ್ತು. ಎರಡನ್ನೂ ಕೂಡಿಸಿ 'ಕೆಟ್ಟ ಕರೆ' ಎಂದು ಬರೆದುಬಿಟ್ಟೆ. ಹಾಳೆ ಅಂದವಾಗಿ ಕಂಡಿತು. ಈರೇಶ್ ಸರ್ ಅದನ್ನು ಗೋಡೆಗೆ ಅಂಟಿಸಿದರು. ನನ್ನ ಕೆಲಸಕ್ಕೆ ಸಿಕ್ಕ ಮೊದಲ ಮೆಚ್ಚುಗೆ ಅದು.

ಸಂಕ್ರಾಂತಿ ಕಳೆಯಿತು. ಅದಾದ ಮೇಲೆ ವಾರ ವಾರಕ್ಕೂ ನನ್ನ ಕೆಂಪು ಗೆರೆ ಮೇಲೇರತೊಡಗಿತು. ದೇವಸಮುದ್ರಕ್ಕೆ ಹತ್ತು ಕರೆ ಬಂದರೆ ಮೂರು ಕೆಟ್ಟವು, ಆಮೇಲೆ ಐದು, ಫೆಬ್ರವರಿ ಕೊನೆಗೆ ಏಳು.

ಕಂಪನಿಗಳವರನ್ನು ಕರೆಸಿದರು. ದೇವಸಮುದ್ರದ ಯಂತ್ರ ಮಾಡಿದವರ ಎಂಜಿನಿಯರ್ ಅರ್ಧ ಗಂಟೆ ನೋಡಿ, "ನಮ್ಮ ಯಂತ್ರ ಚಿನ್ನದಂಗೈತೆ, ರೇಡಿಯೋ ನೋಡಿಸಿ," ಎಂದು ಹೋದ. ರೇಡಿಯೋದವನು ಗೋಪುರ ಹತ್ತದೆಯೇ, "ನಮ್ಮಲ್ಲಿ ಏನೂ ಇಲ್ಲ, ಚಳ್ಳಕೆರೆ ಕಡೆ ಕೇಳಿ," ಎಂದ. ಚಳ್ಳಕೆರೆಯ ಯಂತ್ರದವನು ಬರಲೇ ಇಲ್ಲ, ಫೋನಿನಲ್ಲೇ, "ಬೇರೆಯವರ ಡಬ್ಬ ಜೋಡಿಸಿದರೆ ಇನ್ನೇನಾಗುತ್ತೆ?" ಎಂದು ನಕ್ಕ.

"ಕೂಸು ಅಳ್ತೈತೆ, ಮೂರು ಜನ ತಾಯಂದಿರು ಬಂದು ನಂದಲ್ಲ ನಂದಲ್ಲ ಅಂದು ಹೋದ್ರು," ಎಂದ ಪೆದ್ದಣ್ಣ.

ಮಾರ್ಚ್ ಎರಡನೇ ವಾರ ಪತ್ರ ಬಂತು. ಹತ್ತರಲ್ಲಿ ಏಳು ಕರೆ ಕೆಡುವ ಊರಿನಲ್ಲಿ ಎಕ್ಸ್‌ಚೇಂಜ್ ಇಟ್ಟುಕೊಂಡು ಪ್ರಯೋಜನವಿಲ್ಲ; ಏಪ್ರಿಲ್ ಒಂದನೇ ತಾರೀಖಿಗೆ ದೇವಸಮುದ್ರದ ಯಂತ್ರ ಬಿಚ್ಚಿ ಬೇರೆ ಹೋಬಳಿಗೆ ಕಳಿಸತಕ್ಕದ್ದು. ಪತ್ರದ ಜೊತೆ ಸಾಕ್ಷಿಯಾಗಿ ನನ್ನ ಹಾಳೆಯ ನಕಲು. ಮೂರು ಬಣ್ಣ ಹೋಗಿ ಎಲ್ಲ ಕಪ್ಪಾಗಿತ್ತು.

ಬಿಚ್ಚುವ ಮೊದಲು ಒಂದು ಸಲ ನಾವೇ ಪರೀಕ್ಷೆ ಮಾಡೋಣವೆಂದು ಪೆದ್ದಣ್ಣನೂ ನಾನೂ ದೇವಸಮುದ್ರದ ಬಸ್ಸು ಹತ್ತಿದೆವು. ಮಧ್ಯಾಹ್ನವೆಲ್ಲ ಆ ಬಾಡಿಗೆ ಕೋಣೆಯಲ್ಲಿ ಕೂತು ಚಳ್ಳಕೆರೆಯಿಂದ ನಲವತ್ತು ಕರೆ ಮಾಡಿಸಿದೆವು. ನಲವತ್ತೂ ಬಂದವು. ಒಂದೂ ಬೀಳಲಿಲ್ಲ. ಪೆದ್ದಣ್ಣ ಯಂತ್ರದ ತಲೆ ಸವರಿ, "ನಾಟಕ ಆಡ್ತೀಯಾ ಪಿಲ್ಲ," ಎಂದ.

ಐದು ಆಗಷ್ಟೇ ದಾಟಿತ್ತು, ಬಸ್ಸಿಗೆ ಇನ್ನೂ ಹೊತ್ತಿತ್ತು. ಎದುರಿಗೆ ತಿಪ್ಪೇರುದ್ರಮ್ಮನ ಫೋನ್ ಬೂತು. ನಲವತ್ತು ದಾಟಿದ ಹೆಂಗಸು, ಹಣೆ ತುಂಬ ಕುಂಕುಮ, ದನಿ ಮಾತ್ರ ಪೊಲೀಸರದು. ನಮಗೆ ಚಹಾ ಕೊಟ್ಟು, "ಕೂತ್ಕಳಿ, ಯಾವುದನ್ನೂ ಮುಟ್ಟಬ್ಯಾಡ್ರಿ, ನನಗೆ ಐದು ಗಂಟೆ ಮೇಲೆ ಕೆಲಸ ಭಾಳ," ಎಂದಳು. ಫೋನಿನ ಹಿಂದಿನ ಗೋಡೆಗೆ ಸುಣ್ಣದಲ್ಲಿ ಸಾಲು ಸಾಲು ಗೀಟು ಎಳೆದಿತ್ತು. ಮಕ್ಕಳ ಆಟವೆಂದುಕೊಂಡೆ.

ಐದು ಹತ್ತಕ್ಕೆ ಫೋನು ರಿಂಗಾಯಿತು. ತಿಪ್ಪೇರುದ್ರಮ್ಮ ಹೊರಗೆ ಚಹಾದ ಲೋಟ ತೊಳೆಯುತ್ತಿದ್ದಳು. ಮಾತು ಕೂಡದ ಕರೆಯೇ ನನ್ನ ವೈರಿಯಾಗಿದ್ದ ದಿನಗಳು ಅವು. ಹಾರಿ ಹೋಗಿ ರಿಸೀವರ್ ಎತ್ತಿದೆ.

"ಹಲೋ?"

ಆ ಕಡೆ ಒಂದು ಗಂಡಸಿನ ಗಂಟಲು ಗಾಬರಿಯಿಂದ, "ಯಾಕವ್ವ ಎತ್ತಿದ್ದು!" ಎಂದಿತು. ಕಟ್ಟಾಯಿತು.

"ಅಯ್ಯಯ್ಯಯ್ಯೋ, ನಿನ್ನ ಕೈಗೆ ಏನಾಗಿತ್ತೇ!" ತಿಪ್ಪೇರುದ್ರಮ್ಮ ಒದ್ದೆ ಕೈಯಲ್ಲೇ ಒಳಗೆ ಓಡಿ ಬಂದಳು. "ಮುಟ್ಟಬ್ಯಾಡ ಅಂದಿದ್ದಿಲ್ವಾ? ಜುಂಜಣ್ಣಂದು ಅದು! ಎಷ್ಟು ಹೊಡೀತಿತ್ತೋ ಏನೋ!"

"ಒಂದೇ ರಿಂಗು ಆಗಿತ್ತು..."

"ನೀನು ಒಂದಕ್ಕೇ ಎತ್ತಿದ್ರೆ ಒಂದೇ ಆಗ್ತೈತೆ. ಬಿಟ್ಟಿದ್ರೆ ಎರಡೋ ಮೂರೋ ಯಾರು ಬಲ್ಲ?"

ಆಗ ಬೈಯುತ್ತ ಬೈಯುತ್ತಲೇ ಅವಳು ಹೇಳಿದ್ದು ಇದು. ಸಂಕ್ರಾಂತಿ ಕಳೆದ ಮೇಲೆ ಸುತ್ತಲ ಹಟ್ಟಿಗಳ ಗಂಡಸರು ಒಬ್ಬರ ಹಿಂದೆ ಒಬ್ಬರಂತೆ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋಗುತ್ತಾರೆ. ಮುಂಗಾರಿಗೇ ಮರಳುವುದು. ಅಲ್ಲಿಯ ಯಾವುದೋ ಊರಿನ ಬೂತಿನಿಂದ ಸಂಜೆ ತಮ್ಮ ತಮ್ಮ ಹೊತ್ತಿಗೆ ರಿಂಗು ಬಿಡುತ್ತಾರೆ. ಎತ್ತದ ಕರೆಗೆ ಕಾಸಿಲ್ಲ. ಐದಕ್ಕೆ ಕೆಂಚಣ್ಣನ ಮಂದೆ, ಐದು ಹತ್ತಕ್ಕೆ ಜುಂಜಣ್ಣನದು, ಐದು ಇಪ್ಪತ್ತಕ್ಕೆ ಚಿಕ್ಕೀರಪ್ಪನದು, ಹೀಗೆ ಆರೂವರೆವರೆಗೆ. ಒಂದು ರಿಂಗಿಗೆ ನಿಂತರೆ ಎಲ್ಲ ಸುಖ. ಎರಡಾದರೆ ಮುಂದಿನ ಊರಿಗೆ ಹೊರಟೆವು. ಮೂರಾದರೆ ಮಾತಾಡುವುದಿದೆ, ಮುಂದಿನದನ್ನು ಎತ್ತು. ತಿಪ್ಪೇರುದ್ರಮ್ಮ ಎಣಿಸಿ ಗೋಡೆಗೆ ಗೀಟು ಎಳೆಯುತ್ತಾಳೆ. ಕೂಲಿ ಮುಗಿಸಿ ಬರುವ ಹಟ್ಟಿಯ ಹೆಂಗಸರು ಒಳಗೆ ಇಣುಕಿ, ತಮ್ಮ ಸಾಲು ನೋಡಿಕೊಂಡು ಹೋಗುತ್ತಾರೆ.

ನಾನು ಗೋಡೆ ನೋಡಿದೆ. ಇಡೀ ಆಂಧ್ರದ ಬಯಲಿನಲ್ಲಿ ಚೆದುರಿದ ಕುರಿಗಳು ಅಲ್ಲಿ ಸುಣ್ಣದಲ್ಲಿ ನಿಂತಿದ್ದವು.

ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತಳು. ಜುಂಜಣ್ಣನ ಹೆಂಡತಿ ಚಿಕ್ಕಕ್ಕ. ಗೋಡೆ ನೋಡಿದಳು, ತನ್ನ ಸಾಲಿನ ತುದಿ ಖಾಲಿ ಇದ್ದದ್ದು ನೋಡಿದಳು, ಹೊರೆ ಇಳಿಸಿದಳು.

"ಬಂದಿಲ್ಲೇನಕ್ಕ?"

"ಬಂತು ಕಣೇ. ಈ ಮೇಡಮ್ಮಾರು ಎತ್ತಿಬಿಟ್ರು."

ಚಿಕ್ಕಕ್ಕ ನನ್ನನ್ನು ಬೈಯಲಿಲ್ಲ. "ಮೊನ್ನೆ ಮೂರು ಕುರಿಗೆ ಬಾಯಿಬ್ಯಾನೆ ಅಂತ ಯಾರ ಕೈಲೋ ಹೇಳಿ ಕಳಿಸಿದ್ದ," ಎಂದಷ್ಟೇ ಹೇಳಿ ಮೆಟ್ಟಿಲ ಮೇಲೆ ಕೂತಳು. ಫೋನು ಮತ್ತೆ ಬರಬಹುದೆಂದು ಕಾದೆವು. ಐದು ಇಪ್ಪತ್ತಕ್ಕೆ ಬಂದದ್ದು ಚಿಕ್ಕೀರಪ್ಪನದು, ಒಂದು.

ನನಗೆ ಆಗ ಹೊಳೆಯಿತು. ಎತ್ತದ ಕರೆಗೆ ಚಳ್ಳಕೆರೆಯ ಯಂತ್ರದಲ್ಲಿ ಹೊತ್ತು, ಲೆಕ್ಕ ಮಾತ್ರ ಇರುತ್ತದೆ. ಎತ್ತಿದ ಕರೆಗೆ ಎರಡೂ ಕಡೆಯ ನಂಬರು ಉಳಿಯುತ್ತದೆ. ನಾನು ಎತ್ತಿದ್ದೆನಲ್ಲ. ಈರೇಶ್ ಸರ್‌ಗೆ ಫೋನು ಮಾಡಿದೆ. ಅವರು ಬೈದುಕೊಳ್ಳುತ್ತಲೇ ಕಾಗದ ತೆಗೆಸಿದರು.

"ಐದು ಹತ್ತರದು ಸಿಕ್ತು, ರಾಯದುರ್ಗದ ಆಚೆಯ ನಂಬರು, ಬರ್ಕೋ. ವಿಚಿತ್ರ ನೋಡು, ಅದೊಂದೇ ಕೂಡಿರೋದು. ಹಿಂದೆ ಐದಕ್ಕೊಂದು, ಮುಂದೆ ಐದು ಇಪ್ಪತ್ತಕ್ಕೊಂದು, ಎಲ್ಲಾ ಕೆಟ್ಟವೇ."

ನಾನು ಗೋಡೆ ನೋಡುತ್ತ ನಂಬರು ಬರೆದುಕೊಂಡೆ. ಅವರು ಓದಿದ ಹೊತ್ತುಗಳೆಲ್ಲ ಸುಣ್ಣದ ಗೀಟುಗಳಲ್ಲಿದ್ದವು.

ನಂಬರು ತಿರುಗಿಸಿದವನು ಪೆದ್ದಣ್ಣ. ತೆಲುಗಿನಲ್ಲಿ "ಗೊರ್ರೆಲ ಜುಂಜಣ್ಣ", ಕುರಿಗಳ ಜುಂಜಣ್ಣ, ಎಂದದ್ದಷ್ಟೇ ನನಗೆ ತಿಳಿಯಿತು. ಆಮೇಲೆ ಅವನು ರಿಸೀವರ್ ಮುಚ್ಚಿಕೊಂಡು ನಗತೊಡಗಿದ. "ಇನ್ನೂ ಅಲ್ಲೇ ಅವ್ನೆ! ನಾನು ಮಾತೇ ಆಡಿಲ್ಲ, ಯಾಕೆ ಕಾಸು ಕೊಡ್ಲಿ ಅಂತ ಬೂತಿನೋನ ಜೊತೆ ಜಗಳ ಹಚ್ಕೊಂಡವ್ನೆ."

ರಿಸೀವರ್ ಚಿಕ್ಕಕ್ಕನ ಕೈಗೆ ಬಂತು. ಅವಳು ಸೆರಗು ಸರಿಮಾಡಿಕೊಂಡಳು. ಗಂಡನ ದನಿ ಕೇಳಿ ಎರಡು ತಿಂಗಳ ಮೇಲಾಗಿತ್ತಂತೆ.

"ಹೂಂ," ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಹೂಂ" ಎಂದಳು. ಆಮೇಲೆ, "ಒಂದಾ? ಒಂದೇನಾ ಬಿಟ್ಟಿದ್ದು? ಸರಿ ಬಿಡು. ಕುರಿ? ಹೂಂ. ಇಡ್ಲಾ?" ಅಷ್ಟೇ. ರಿಸೀವರ್ ಇಟ್ಟು, ನಮ್ಮ ಕಡೆ ತಿರುಗಿ, "ಮಾತಾಡು ಅಂದ್ರೆ ಏನು ಮಾತಾಡಾದು?" ಎಂದು ನಾಚಿಕೊಂಡಳು. ತಿಪ್ಪೇರುದ್ರಮ್ಮ ಅವಳ ಸಾಲಿಗೆ ಒಂದು ಗೀಟು ಎಳೆದಳು.

ಬಸ್ಸಿನಲ್ಲಿ ನನಗೆ ಅಜ್ಜಿಯ ಒಂದು ಕಥೆ ನೆನಪಾಯಿತು. ರಾಜನೊಬ್ಬ ಕುರುಬನ ಮಂದೆ ಎಣಿಸಲು ಮೂವರನ್ನು ಕಳಿಸುತ್ತಾನೆ. ಒಬ್ಬ ತಲೆ ಎಣಿಸುತ್ತಾನೆ, ಒಬ್ಬ ಕಿವಿ, ಒಬ್ಬ ಕಾಲು. ಮೂವರೂ ಸುಳ್ಳು ಹೇಳುವುದಿಲ್ಲ. ಮಂತ್ರಿಯೊಬ್ಬ ಮೂರೂ ಲೆಕ್ಕವನ್ನು ಕೂಡಿಸಿ ಚಂದದ ಒಂದು ಓಲೆ ಬರೆಯುತ್ತಾನೆ, ಕುರುಬ ಇಷ್ಟು ಕುರಿ ಕದ್ದಿದ್ದಾನೆಂದು. ಚಿಕ್ಕಂದಿನಲ್ಲಿ ಆ ಮಂತ್ರಿಗೆ ನಾನು ಬಾಯಿ ತುಂಬ ಶಾಪ ಹಾಕುತ್ತಿದ್ದೆ.

"ಯಾಕಮ್ಮಾಯಿ ಸುಮ್ಕಾದೆ?" ಎಂದ ಪೆದ್ದಣ್ಣ.

ಹೇಳಿದೆ. ಯಂತ್ರ ಕೆಟ್ಟಿಲ್ಲ, ರೇಡಿಯೋ ಕೆಟ್ಟಿಲ್ಲ. ಎತ್ತದ ಕರೆಯನ್ನು ಕೆಟ್ಟ ಕರೆಯ ಜೊತೆ ಕೂಡಿಸಿದವಳು ನಾನು. ಸಂಕ್ರಾಂತಿಯಿಂದ ಈಚೆ ಎಲ್ಲ ಹಾಳೆಯೂ ತಪ್ಪು.

ಪೆದ್ದಣ್ಣ ಕಿಟಕಿಯಿಂದ ಆಚೆ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದ: "ನಿಂದಿನ್ನೂ ಪ್ರೊಬೇಷನ್ನು. ಸುಮ್ನಿರು. ಕಂಪನಿಯೋರ ಮ್ಯಾಲೆ ಹಾಕು. ಅತ್ತಗೂ ಪಿಲ್ಲಗೂ ಹೊಂದಿಕೆ ಆಗಿಲ್ಲ ಅಂತ ಬರಿ. ಆ ಮೂರು ಜನದಾಗೆ ಯಾರ್ ಮ್ಯಾಲೆ ಹಾಕಿದ್ರೂ ಇನ್ನಿಬ್ರು ಹೌದು ಅಂತಾರೆ."

"ಹಂಗೆ ಬರೆದ್ರೆ ಯಂತ್ರ ಉಳಿಯುತ್ತಾ?"

"ಅದು ಹೋಗ್ತೈತೆ. ನೀನು ಉಳೀತೀಯ."

ಬಸ್ಸು ಹಳ್ಳದ ಹತ್ತಿರ ಒಂದು ಕುರಿಮಂದೆಗೆ ದಾರಿ ಬಿಟ್ಟು ನಿಂತಿತು. ಕಾದು ಕೂತವರೆಲ್ಲ ಚಾಲಕನನ್ನು ಅವಸರ ಮಾಡಿದರು. ನನಗೆ ಅವಸರವಿರಲಿಲ್ಲ.

ಬೆಳಗ್ಗೆ ಚಳ್ಳಕೆರೆಗೆ ಹೋದೆ. ಈರೇಶ್ ಸರ್ ಪೂರ್ತಿ ಕೇಳಿಸಿಕೊಂಡರು. ಗೋಡೆಯ ಮೇಲೆ ನನ್ನ ಹಾಳೆಗಳು ಇನ್ನೂ ಇದ್ದವು, ಮೂರು ಬಣ್ಣದಲ್ಲಿ. ಅವರು ಅವನ್ನೇ ನೋಡುತ್ತ ಹೇಳಿದರು:

"ನೀನು ಹೇಳೋದು ನಿಜವಾದ್ರೂ ಕಷ್ಟ ಐತಮ್ಮ. ಮಾತೇ ಆಡದ ಜನಕ್ಕೆ ಎಕ್ಸ್‌ಚೇಂಜ್ ಯಾಕೆ ಅಂತ ಮೇಲಿನೋರು ಕೇಳ್ತಾರೆ. ನಾನು ಏನು ಹೇಳ್ಲಿ?"

"ಸರ್, ಒಂದು ಸಂಜೆ ಬಂದು ಕೂತ್ಕೊಳ್ರಿ."

ಬರುವುದಿಲ್ಲವೆಂದುಕೊಂಡಿದ್ದೆ. ಶನಿವಾರ ಜೀಪು ಬಂತು. ತಿಪ್ಪೇರುದ್ರಮ್ಮ ಸಾಹೇಬರಿಗೆ ಕುರ್ಚಿ ಹಾಕಿ, ಅದೂ ಫೋನಿನಿಂದ ಎರಡು ಮಾರು ದೂರಕ್ಕೆ ಹಾಕಿ, "ಯಾರೇ ಆಗ್ಲಿ, ಮುಟ್ಟೋ ಹಂಗಿಲ್ಲ," ಎಂದಳು. ಯಂತ್ರ ಬಿಚ್ಚುತ್ತಾರೆಂಬ ಸುದ್ದಿ ಅಷ್ಟರಲ್ಲಿ ಹಟ್ಟಿ ಮುಟ್ಟಿತ್ತು. ಹೆಂಗಸರು ಬೇಗನೆ ಕೂಲಿ ಬಿಟ್ಟು ಬಂದು ಬೂತಿನ ಮುಂದೆ ನೆಲದ ಮೇಲೆ ಕೂತಿದ್ದರು.

ಐದಕ್ಕೆ ಒಂದು ರಿಂಗು. ಕೆಂಚಣ್ಣನ ಮನೆಯವರು ಎದ್ದು ಸೀರೆ ಝಾಡಿಸಿಕೊಂಡು ಹೋದರು. ಐದು ಹತ್ತಕ್ಕೆ ಎರಡು. "ಮುಂದಕ್ಕೆ ಹೊಂಟವ್ರೆ," ಎಂದಳು ಚಿಕ್ಕಕ್ಕ, ಯಾರಿಗೆಂದಿಲ್ಲದೆ. ಐದು ಇಪ್ಪತ್ತಕ್ಕೆ ಒಂದು, ಎರಡು, ಮೂರು. ಚಿಕ್ಕೀರಪ್ಪನ ಮುದಿತಾಯಿ ಎದ್ದು ನಿಂತಳು. ಈರೇಶ್ ಸರ್ ಕೈಗಡಿಯಾರ ನೋಡಿಕೊಂಡರು. ಎರಡು ನಿಮಿಷಕ್ಕೆ ಫೋನು ಮತ್ತೆ ಬಂತು; ತಿಪ್ಪೇರುದ್ರಮ್ಮ ಎತ್ತಿ ಮುದುಕಿಯ ಕಿವಿಗೆ ಹಿಡಿದಳು. ಮಂದೆಯ ಹೆಣ್ಣುಕುರಿಗಳು ಒಟ್ಟಿಗೆ ಈದು ಕೈ ಸಾಲುತ್ತಿಲ್ಲವಂತೆ. ತಮ್ಮನನ್ನು ಕಳಿಸಬೇಕಂತೆ; ಯಾವ ಊರಿನ ಯಾವ ಬಾವಿಯ ಹತ್ತಿರ ಎಂಬುದನ್ನೂ ಹೇಳಿದ. ಎಲ್ಲ ಒಂದು ನಿಮಿಷದಲ್ಲಿ ಮುಗಿಯಿತು.

ಈರೇಶ್ ಸರ್ ಚಿಕ್ಕಕ್ಕನನ್ನು ಕೇಳಿದರು. "ಅಲ್ಲಮ್ಮ, ದಿನಾ ಎತ್ತಿ ಎರಡು ಮಾತಾಡಬಾರ್ದಾ?"

"ನೀವು ಆಪೀಸಿಗೆ ಹೋದೋರು ದಿನಾ ಮನೆಗೆ ಪೋನು ಮಾಡಿ ಏನು ಮಾತಾಡ್ತೀರಿ ಸಾಮಿ?"

ಅವರು ಯೋಚಿಸಿದರು. "ಏನಿಲ್ಲ. ಊಟ ಆಯ್ತಾ ಅಂತೀನಿ."

"ಅಷ್ಟಕ್ಕೆ ಒಂದು ರಿಂಗು ಸಾಕು."

ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಈರೇಶ್ ಸರ್ ಕೂಡ ನಕ್ಕರು. ಆದರೆ ಜೀಪು ಹತ್ತುವಾಗ ಮುಖ ಗಂಭೀರವಾಗಿತ್ತು. "ಬರಿ, ಪದ್ಮಶ್ರೀ. ಮೊದ್ಲು ನಿನ್ನ ತಪ್ಪು ಬರಿ. ಆಮೇಲೆ ಇವರ ಸರಿ ಬರಿ. ಎರಡೂ ನಾನೇ ಒಯ್ದು ಕೊಡ್ತೀನಿ."

ಆ ವಾರವೆಲ್ಲ ಕೂತು ಸಂಕ್ರಾಂತಿಯಿಂದ ಈಚಿನ ಎಲ್ಲ ಹಾಳೆ ಹೊಸದಾಗಿ ಬರೆದೆ. ಬಣ್ಣ ಹಚ್ಚಲಿಲ್ಲ. ಮೂರು ಯಂತ್ರಕ್ಕೆ ಮೂರು ಪಟ್ಟಿ, ಪ್ರತಿಯೊಂದೂ ತಾನು ಎಣಿಸಿದಂತೆಯೇ. ದೇವಸಮುದ್ರದಲ್ಲಿ ದಾರಿಯಲ್ಲಿ ಬಿದ್ದ ಕರೆ ನೂರಕ್ಕೆ ಎರಡು ಮಾತ್ರ. ಮುಟ್ಟಿಯೂ ಎತ್ತದ ಕರೆಗಳಿಗೆ ಬೇರೆಯೇ ಒಂದು ಸಾಲು ಬಿಟ್ಟು, ಅವು ಯಾರವು, ಎಷ್ಟು ಹೊತ್ತಿನವು, ಯಾಕೆ ಎಂದು ಒಂದು ಪುಟ ಬರೆದೆ. ಕೊನೆಗೆ, ಹಿಂದಿನ ಹಾಳೆಗಳ ತಪ್ಪಿಗೆ ನಾನೇ ಹೊಣೆ ಎಂದು ಸಹಿ ಮಾಡಿದೆ.

ಏಪ್ರಿಲ್ ಒಂದು ಬಂತು. ಯಂತ್ರ ಬಿಚ್ಚಲು ಯಾರೂ ಬರಲಿಲ್ಲ. ಎಂಟನೇ ತಾರೀಖು ನನ್ನ ಹೆಸರಿಗೆ ಲಕೋಟೆ ಬಂತು. ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ ಹಾಕಿದ್ದರು, ಜೊತೆಗೊಂದು ಖಾರವಾದ ಮೆಮೊ. ಎರಡನೇ ಹಾಳೆಯಲ್ಲಿ, ದೇವಸಮುದ್ರದ ಎಕ್ಸ್‌ಚೇಂಜ್ ಮುಂದಿನ ಆದೇಶದವರೆಗೆ ಅಲ್ಲಿಯೇ ಇರತಕ್ಕದ್ದು ಎಂದಿತ್ತು. ಪೆದ್ದಣ್ಣ ಎರಡನ್ನೂ ಓದಿಸಿಕೊಂಡು ಕೇಳಿ, "ನಿಂಗೆ ಬುದ್ಧಿ ಇಲ್ಲ, ಅಮ್ಮಾಯಿ," ಎಂದು ಹೇಳಿ, ಹೊರಗೆ ಹೋಗಿ ಮಿರ್ಚಿ ತಂದ.

ಮುಂದಿನ ಆದೇಶ ಏಳು ವರ್ಷ ಬರಲಿಲ್ಲ. ಈಗ ಆ ಕೋಣೆಯಲ್ಲಿ ಸೈಕಲ್ ಅಂಗಡಿ ಇದೆ. ಹಟ್ಟಿಯ ಪ್ರತಿ ಜೇಬಿನಲ್ಲೂ ಮೊಬೈಲು. ನಾನು ಚಳ್ಳಕೆರೆಯ ಹೊಸ ಕಟ್ಟಡದಲ್ಲಿ ಪರದೆಯ ಮುಂದೆ ಕೂರುತ್ತೇನೆ. ಐದು ಕಂಪನಿಯ ಯಂತ್ರಗಳು ಅದರಲ್ಲಿ ಒಂದೇ ಬಣ್ಣದ ಚುಕ್ಕಿಗಳಾಗಿ ಕಾಣುತ್ತವೆ. ಚುಕ್ಕಿಗಳು ಅಂದವಾಗಿ ಕಂಡಷ್ಟೂ ನನಗೆ ಅನುಮಾನ. ಒಳಗಿನ ಕಾಗದ ತೆಗೆಸಿ ನೋಡುತ್ತೇನೆ. ಹೊಸ ಹುಡುಗಿಯರು ನನ್ನ ಹಿಂದೆ ನಗುತ್ತಾರೆಂದು ಗೊತ್ತು.

ಯಂತ್ರ ಉಳಿದ ಆ ವರ್ಷವೇ ಮುಂಗಾರಿಗೆ ಮಂದೆಗಳು ಮರಳಿದವು. ಒಂದು ಮಧ್ಯಾಹ್ನ ಕಂಬಳಿ ಹೊದ್ದ ಎತ್ತರದ ಆಳೊಬ್ಬ ಮೊಳಕಾಲ್ಮೂರಿನ ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಂತು, "ನನ್ನ ರಿಂಗು ಎತ್ತಿದ ಮಾರಾಯ್ತಿ ಯಾರು?" ಎಂದು ಕೇಳಿದ. ಆ ಗಂಟಲು ನನಗೆ ಗುರುತಿತ್ತು. ಜುಂಜಣ್ಣನನ್ನು ಚಪ್ಪಲಿ ಬಿಡಿಸಿ ಒಳಗೆ ಕರೆದೆ. ಅವನು ಯಂತ್ರದ ಸುತ್ತ ಒಂದು ಸುತ್ತು ಬಂದ, ಕುರಿ ಕೊಳ್ಳುವವನಂತೆ ತಲೆಯಿಂದ ಬುಡದವರೆಗೆ ನೋಡಿದ, ಆಮೇಲೆ ಅದರ ಪಕ್ಕೆಗೆ ಅಂಗೈ ಇಟ್ಟ.

"ಮೈ ಬಿಸಿ ಐತಲ್ಲ ತಂಗಿ, ಇದಕ್ಕೆ."

"ಫ್ಯಾನು ನಿಂತು ಮೂರು ದಿನ ಆಯ್ತು," ಎಂದ ಪೆದ್ದಣ್ಣ ಒಳಗಿನಿಂದ. "ಕಂಪನಿಯೋರಿಗೆ ಹೇಳಿದ್ರೆ, ಯಂತ್ರ ನಮ್ದು, ಫ್ಯಾನು ನಮ್ದಲ್ಲ ಅಂತಾರೆ."